ಸಹಿ ಯಾರದು?

ಹ್ವಾದ ತಿಂಗಳ ಒಂದಿನ ಮಧ್ಯಾಹ್ನ ಭಾಂಡೆ ತೊಳದು, ಇನ್ನೇನು ಒಂದ ತಾಸು ಅಡ್ಡಾಗಬೇಕು ಅನ್ನೋದ್ರಾಗ ಮಗಳ ಫೋನ್ ಬಂತು. "ಅಮ್ಮಾ, ನಾ ಪಿಜಿ ಬಿಡ್ತೀನಿ" ಅಂದ್ಲು. ನನ್ನ ಎದಿ ಧಸಕ್ಕಂತು. ಬೆಂಗಳೂರಿಗೆ ನೌಕರಿಗೆ ಹೋಗಿ ಇನ್ನೂ ಎಂಟ ತಿಂಗಳ ಸೈತ ಆಗಿದ್ದಿಲ್ಲ.

ವಿಷಯ ಹಿಂಗಿತ್ತು. ಆಕಿ ಆಫೀಸಿನ ಇಬ್ಬರು ಹುಡುಗ್ಯಾರು ಎರಡ ಬೆಡ್‌ರೂಮಿನ ಮನಿ ನೋಡಿದ್ರು, ಅವರಿಗೆ ಮೂರನೇದಾಕಿ ಬೇಕಾಗಿತ್ತು. ಇಲ್ಲಾಂದ್ರ ಸ್ವಲ್ಪ ದೂರದಾಗ ಈಕಿ ಒಬ್ಬಾಕಿಗೇ ಸಾಕಾಗುವಂಥಾ ಸಣ್ಣ ಮನಿನೂ ಇತ್ತು. "ಒಬ್ಬಾಕಿನ ಇದ್ರ ಬಾಡಿಗಿ ಭಾಳ ಆಗ್ತದ, ಜೊತಿಗಿದ್ರ ತಲಿಬ್ಯಾನಿ. ನೀ ಹೇಳು, ಏನ ಮಾಡ್ಲಿ?" ಅಂದ್ಲು.

ಪಡಸಾಲ್ಯಾಗ ಕೂತು ಹೂಬತ್ತಿ ಮಾಡ್ಲಿಕ್ಕೆ ಹತ್ತಿದ್ದ ನಮ್ಮ ಅತ್ತಿಯವರ ಕಿವಿಗೆ ಇದೆಲ್ಲಾ ಬಿದ್ದಿತ್ತು. ಅವರು ತಲಿ ಎತ್ತದನ, "ಹುಡುಗಿ ಹೆಸರಿಲೆ ಬಾಡಿಗಿ ಮನೀನ? ಯಾರ ಕೊಡ್ತಾರವಾ?" ಅಂದ್ರು. ಒಬ್ಬಾಕಿನೋ ಮೂವರೋ ಅನ್ನೋದು ಅವರಿಗೆ ಪ್ರಶ್ನೆನ ಆಗಿರಲಿಲ್ಲ. ಅವರಿಗೆ ಆಶ್ಚರ್ಯ ಆಗಿದ್ದು ಹೆಸರಿನ ಬಗ್ಗೆ.

ಮಗಳಿಗೆ "ಎರಡ ದಿನ ತಡಿ" ಅಂದೆ. ಮರುದಿನ ಮಾಳಮಡ್ಡಿಗೆ ನಮ್ಮ ಅತ್ಯಾನ ಮನಿಗೆ ಹೋದೆ. ನಮ್ಮ ಅಪ್ಪನ ಅಕ್ಕ, ಈಗ ತೊಂಬತ್ತು ದಾಟ್ಯಾವ. ಕಣ್ಣು ಮಂಜಾಗ್ಯಾವ ಖರೆ, ನೆನಪು ಮಾತ್ರ ನಮಗಿಂತ ನಿಚ್ಚಳ ಅದ. ಅತ್ಯಾನ ಟ್ರಂಕಿನ್ಯಾಗ ಒಂದು ಪಾವತಿ ಕಟ್ಟು ಇರೋದು ನಮ್ಮ ಮನಿ ಮಂದಿಗೆಲ್ಲಾ ಗೊತ್ತದ. ಆದ್ರ ಅದನ್ನ ಯಾರೂ ಬಿಚ್ಚಿ ಓದಿದ್ದಿಲ್ಲ. ಅವತ್ತ ನಾ ಓದಿದೆ. ಆ ಕಟ್ಟಿನ ಕಥಿ ಹೇಳೋಕಿಂತ ಮೊದಲ, ನಮ್ಮ ಕಡೆ ಬಾಡಿಗಿ ಖೋಲಿ ಅನ್ನೋದು ಹೆಂಗ ಬಂತು ಅನ್ನೋದನ್ನ ಸ್ವಲ್ಪ ಹೇಳ್ತೀನಿ ಕೇಳ್ರಿ.

ಜೊತಿಗೆ ಇರೋದು ನಮಗೇನು ಹೊಸಾದಲ್ಲ. 'ರೂಮ್‌ಮೇಟ್' ಅನ್ನೋ ಶಬ್ದ ಹೊಸಾದು, ಅಷ್ಟ. ಧಾರವಾಡದಾಗ 1917ಕ್ಕ ಕರ್ನಾಟಕ ಕಾಲೇಜು ಶುರು ಆತು. ಸುತ್ತಲಿನ ಜಿಲ್ಲಾದ ಹುಡುಗರು ಕಲೀಲಿಕ್ಕೆ ಇಲ್ಲಿಗೆ ಬರ್ಲಿಕ್ಕೆ ಹತ್ತಿದ್ರು. ಕೈಯಾಗ ರೊಕ್ಕ ಇದ್ದವರು ಕಡಿಮಿ. ಮೂರ ನಾಕ ಮಂದಿ ಕೂಡಿ ಒಂದ ಖೋಲಿ ಹಿಡೀತಿದ್ರು. ಅದಕ್ಕ 'ರೂಮ್ ಮಾಡೋದು' ಅಂತಿದ್ರು. ಊಟಕ್ಕ ಕೆಲವರು ವಾರಾನ್ನ, ಅಂದ್ರ ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಕೆಲವರಿಗೆ ಮುರುಘಾಮಠದಂಥಾ ಕಡೆ ಪ್ರಸಾದ. ಕೆಲವರಿಗೆ ಖಾನಾವಳಿ. ಮುಂದ ಬಸ್ಸು ಓಡಾಡ್ಲಿಕ್ಕೆ ಹತ್ತಿದ ಮ್ಯಾಲೆ ಊರಿಂದ ಬುತ್ತಿ ಬರ್ಲಿಕ್ಕೆ ಹತ್ತಿತು. ಮುಂಜಾನೆ ಬಸ್ಸಿನ್ಯಾಗ ಬುತ್ತಿ ಇಟ್ಟು ಕಳಿಸಿದ್ರ ಹುಡುಗ ಬಸ್ ಸ್ಟ್ಯಾಂಡಿಗೆ ಬಂದು ತನ್ನ ಗಂಟು ಹುಡುಕಿ ಒಯ್ತಿದ್ದ, ಖೋಲ್ಯಾಗ ನಾಕೂ ಮಂದಿ ಕೂಡಿ ಬಿಚ್ಚಿ ತಿಂತಿದ್ರು. ಒಬ್ಬನ ಮನಿ ಭಕ್ರಿ, ಇನ್ನೊಬ್ಬನ ಮನಿ ಶೇಂಗಾ ಚಟ್ನಿ.

ಈ ಕಥೀನ ನಮ್ಮ ಮನಿ ಗಂಡಸರು ಎಷ್ಟ ಸಲ ಹೇಳ್ಯಾರಂತೀರಿ! ನಮ್ಮ ಕಾಕಾ ಒಬ್ಬರು ಮುಂಬೈಗೆ ಹೋಗಿ ಚಾಳಿನ ಒಂದ ಖೋಲ್ಯಾಗ ಆರು ಮಂದಿ ಜೊತಿ ಇದ್ರು. ಆ ಚಾಳುಗಳಾಗ ಒಂದ ಖೋಲಿ ಅಂದ್ರ ಭಾಳ ಸಣ್ಣದು, ನಳ ಮತ್ತ ಪಾಯಖಾನಿ ಎಲ್ಲಾರಿಗೂ ಕೂಡಿ. ರಾತ್ರಿ ಪಾಳಿ ಮಾಡಿದಾಂವ ಬಂದು ಮಲಗೋದ್ರಾಗ ಹಗಲ ಪಾಳಿಯವನ ಹಾಸಿಗಿ ಇನ್ನೂ ಬೆಚ್ಚಗ ಇರ್ತಿತ್ತಂತ. ಕಾಕಾ ಅದನ್ನ ನಕ್ಕೋತ ಹೇಳ್ತಿದ್ರು, ನಾವೂ ನಗ್ತಿದ್ವಿ. ಈಗ ವಿಚಾರ ಮಾಡಿದ್ರ, ಆ ಎಲ್ಲಾ ಕಥ್ಯಾಗ ಹೆಂಗಸರು ಎಲ್ಲಿದ್ರು? ಒಲಿ ಮುಂದ ಬುತ್ತಿಗೆ ಭಕ್ರಿ ಬಡೀಲಿಕ್ಕೆ ಹತ್ತಿದ್ರು. ಇಲ್ಲಾ ಖಾನಾವಳಿ ನಡಸ್ತಿದ್ರು. ಖೋಲಿ ಹಿಡಿದ ಹೆಂಗಸಿನ ಕಥಿ ನಾ ಒಂದೂ ಕೇಳಿದ್ದಿಲ್ಲ.

ಇನ್ನ ಕಾಯ್ದೆ ಮಾತು. ಬ್ಯಾಸರ ಮಾಡ್ಕೋಬ್ಯಾಡ್ರಿ, ಇದು ಗೊತ್ತಿಲ್ಲಂದ್ರ ಅತ್ಯಾನ ಪಾವತಿ ಕಟ್ಟು ತಿಳಿಯಂಗಿಲ್ಲ. ಮೊದಲ್ನೇ ಮಹಾಯುದ್ಧದಾಗ ಮುಂಬೈದಾಗ ಬಾಡಿಗಿ ಏರಿ ಮಂದಿ ಕಂಗಾಲಾದ್ರು. ಅದಕ್ಕ 1918ರಾಗ ಬಾಡಿಗಿ ಏರಿಸಬಾರದು ಅಂತ ಸರಕಾರ ಕಾಯ್ದೆ ತಂತು. ಎರಡನೇ ಯುದ್ಧ ಮುಗದು, 1947ರಾಗ ಮತ್ತೊಂದು ದೊಡ್ಡ ಕಾಯ್ದೆ ಬಂತು. ಆವಾಗ ನಮ್ಮ ಧಾರವಾಡ ಮುಂಬೈ ಪ್ರಾಂತದಾಗ ಇತ್ತಲ್ಲ, ಹಿಂಗಾಗಿ ಆ ಕಾಯ್ದೆ ನಮಗೂ ಹತ್ತಿತು. 1956ರಾಗ ನಾವು ಮೈಸೂರು ರಾಜ್ಯಕ್ಕ ಕೂಡಿದ್ವಿ, 1961ರಾಗ ಇಡೀ ರಾಜ್ಯಕ್ಕ ಒಂದ ಬಾಡಿಗಿ ಕಾಯ್ದೆ ಆತು.

ಈ ಕಾಯ್ದೆಗಳ ತಿರುಳು ಏನಂದ್ರ, ಬಾಡಿಗಿ ಮನಸಿಗೆ ಬಂದಂಗ ಏರಿಸಂಗಿಲ್ಲ, ಕಾರಣ ಇಲ್ಲದ ಮನಿ ಬಿಡಿಸಂಗಿಲ್ಲ. 1961ರ ಕಾಯ್ದೆ ಪ್ರಕಾರ ಮನಿ ಖಾಲಿ ಆದ್ರ ಮಾಲಕರು ಸರಕಾರದ ಕಂಟ್ರೋಲರ್ ಅವರಿಗೆ ತಿಳಸಬೇಕಿತ್ತು. ಅವರು ಯಾರಿಗೆ ಕೊಡ್ರಿ ಅಂತಾರೋ ಅವರಿಗೆ ಕೊಡಬೇಕಾಗ್ತಿತ್ತು. ಬಾಡಿಗಿದಾರರಿಗೆ ಇದು ದೊಡ್ಡ ಆಸರ. ಮಾಲಕರಿಗೆ ದೊಡ್ಡ ಅಂಜಿಕಿ. "ಒಮ್ಮೆ ಒಳಗ ಬಿಟ್ಟ್ರ ಹೊರಗ ಹಾಕಲಿಕ್ಕೆ ಬರಂಗಿಲ್ಲ" ಅಂತ ಎಷ್ಟೋ ಮಂದಿ ಮನಿಗೆ ಕೀಲಿ ಹಾಕಿ ಇಟ್ರು. ಕೊಡೋದಿದ್ರ ಬ್ಯಾಂಕಿನವರಿಗೆ, ವರ್ಗ ಆಗೋ ನೌಕರದಾರರಿಗೆ ಕೊಡ್ತಿದ್ರು. ವರ್ಗ ಆದ ಕೂಡ್ಲೆ ಅವರು ತಾವಾಗೇ ಬಿಟ್ಟು ಹೋಗ್ತಾರಲ್ಲ!

ಈಗ ಲಕ್ಷ್ಯ ಇಟ್ಟು ಕೇಳ್ರಿ. ಕಾಯ್ದೆ ಆಸರ ಕೊಟ್ಟಿದ್ದು 'ಬಾಡಿಗಿದಾರ'ನಿಗೆ. ಬಾಡಿಗಿದಾರ ಯಾರು ಅಂತ ಹೇಳೋದು ಏನು? ಕರಾರುಪತ್ರ ಇದ್ರ ಅದು. ಇಲ್ಲಂದ್ರ ತಿಂಗಳಾ ತಿಂಗಳಾ ಮಾಲಕರು ಬರದು ಕೊಡೋ ಪಾವತಿ. ಆ ಚೀಟಿ ಮ್ಯಾಲೆ ಯಾರ ಹೆಸರು ಇತ್ತೋ, ಮನಿ ಅವರದು.

ನಮ್ಮ ಅತ್ಯಾ 1958ರಾಗ ಧಾರವಾಡದಾಗ ಸಾಲಿ ಮಾಸ್ತರಿಣಿ ಆದ್ರು. ಅದಕ್ಕೂ ಮೊದಲ, ಲಗ್ನ ಆಗಿ ಎರಡ ವರ್ಷಕ್ಕ ಗಂಡ ತೀರಿಕೊಂಡಿದ್ದ. ನಮ್ಮ ಅಜ್ಜ ಹಠಾ ಹಿಡದು ಟ್ರೇನಿಂಗ್ ಮಾಡಿಸಿದ್ರು. ಅಜ್ಜ ಇದ್ದದ್ದು ಹಳ್ಳ್ಯಾಗ, ದಿನಾ ಹೋಗಿ ಬರೋದು ಆಗ್ತಿದ್ದಿಲ್ಲ. ಮೊದಲ ಆರು ತಿಂಗಳ ಒಬ್ಬರು ಸಂಬಂಧಿಕರ ಮನ್ಯಾಗ ಇದ್ರು. ಅಲ್ಲೆ ಹೆಂಗಿತ್ತು ಅಂತ ಕೇಳಿದ್ರ ಅತ್ಯಾ ಇವತ್ತಿಗೂ ಪೂರ್ತಿ ಹೇಳಂಗಿಲ್ಲ. "ಸಾಲಿಗೆ ಹೋಗೋಕಿಂತ ಮೊದಲ ಹನ್ನೊಂದು ಮಂದಿ ಅಡಗಿ ಮಾಡಿ ಹೋಗ್ತಿದ್ದೆ" ಅಂತಾರ, ಅಷ್ಟ.

ಅದ ಸಾಲ್ಯಾಗ ಇನ್ನೂ ಇಬ್ಬರು ಬಾಯಾರಿದ್ರು. ಒಬ್ಬಾಕಿನ್ನ ಗಂಡ ಬಿಟ್ಟಿದ್ದ, ಇನ್ನೊಬ್ಬಾಕಿಗೆ ಲಗ್ನನ ಆಗಿದ್ದಿಲ್ಲ. ಮೂವರೂ ಕೂಡಿ ಒಂದ ಮಾಡಿ ಮ್ಯಾಲಿನ ಖೋಲಿ ನೋಡಿದ್ರು. ತಿಂಗಳಿಗೆ 18 ರೂಪಾಯಿ, ತಲಿಗೆ 6. ಮನಿ ಮಾಲಕರ ಹೆಂಡತಿ ಪಾಪ ಛಲೋ ಮಂದಿನ, ಆದ್ರ ಒಂದ ಮಾತು ಕೇಳಿದ್ರಂತ: "ನಿಮ್ಮ ಪೈಕಿ ಗಂಡಸರು ಯಾರೂ ಇಲ್ಲೇನು?" ಅತ್ಯಾ ಮರುದಿನ ಅಜ್ಜನ್ನ ಕರಕೊಂಡು ಬಂದ್ರು. ಅಜ್ಜ ಸಹಿ ಮಾಡಿದ್ರು. ಖೋಲಿ ಸಿಕ್ಕಿತು.

ಆ ಖೋಲ್ಯಾಗ ಮೂವರೂ ಹನ್ನೊಂದು ವರ್ಷ ಇದ್ರು. ಒಂದ ಬತ್ತಿ ಸ್ಟವ್, ಮೂರು ಹಾಸಿಗಿ ಸುರುಳಿ, ಒಂದ ರೊಕ್ಕದ ಡಬ್ಬಿ. ಎಣ್ಣಿ, ಬ್ಯಾಳಿ, ಕಾಯಿಪಲ್ಯಾ ಎಲ್ಲಾ ಆ ಡಬ್ಬ್ಯಾಗಿಂದ. ಜಗಳ ಆಗ್ತಿದ್ದಿಲ್ಲೇನು ಅಂತ ಕೇಳಿದೆ. "ಆಗ್ತಿದ್ದಿಲ್ಲೇನು? ಒಬ್ಬಾಕಿಗೆ ನಸಿಕಿನ್ಯಾಗ ನಾಕಕ್ಕ ಎದ್ದು ಹಾಡು ಹೇಳೋ ಚಟ. ಇನ್ನೊಬ್ಬಾಕಿ ಉಳ್ಳಾಗಡ್ಡಿ ತಿಂತಿದ್ಲು, ನಾ ಅದನ್ನ ಮುಟ್ಟತಿದ್ದಿಲ್ಲ. ಮೂರು ದಿನ ಮಾತು ಬಿಟ್ಟದ್ದೂ ಅದ" ಅಂದ್ರು. ಆಮ್ಯಾಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರ ನಂಗ ಟೈಫಾಯಿಡ್ ಆದಾಗ ಇಪ್ಪತ್ತೊಂದು ದಿನ ಗಂಜಿ ಕುಡಿಸಿದಾಕಿ ಆ ಉಳ್ಳಾಗಡ್ಡಿಯಾಕಿನ" ಅಂದ್ರು.

ಪಾವತಿ ಕಟ್ಟು ಬಿಚ್ಚಿದೆ. ನೂರಾಮೂವತ್ತರ ಹತ್ರ ಚೀಟಿ, ದಾರದಾಗ ಪೋಣಿಸಿದ್ದು. ಬಾಡಿಗಿ ಕೊಟ್ಟಾಕಿ ಅತ್ಯಾ, ಪ್ರತಿ ಚೀಟಿ ಮ್ಯಾಲೂ ಹೆಸರು ಮಾತ್ರ ಅಜ್ಜಂದು. ಒಂದ ರಾತ್ರಿನೂ ಆ ಖೋಲ್ಯಾಗ ಮಲಗದ ಅಜ್ಜಂದು. 1969ರಾಗ ಅಜ್ಜ ತೀರಿಕೊಂಡ್ರು. ದಿನಕರ್ಮ ಮುಗದು ಅತ್ಯಾ ವಾಪಸ್ ಬಂದಾಗ ಮಾಲಕರ ಮಗ ಬಂದು, "ಬಾಡಿಗಿದಾರರು ಹೋದ್ರು, ಇನ್ನ ನೀವು ಯಾರು?" ಅಂತ ಕೇಳಿದ. ವಕೀಲರನ್ನ ಕಂಡಿದ್ರ ಏನರೆ ಹಾದಿ ಇತ್ತೋ ಏನೋ. ಕೋರ್ಟಿನ ಮೆಟ್ಟಲಾ ಏರೋ ಧೈರ್ಯ ಮೂವರಿಗೂ ಇದ್ದಿಲ್ಲ. ಎರಡ ತಿಂಗಳದಾಗ ಖೋಲಿ ಬಿಟ್ರು, ಮೂವರೂ ಮೂರು ಕಡೆ ಆದ್ರು. "ಹನ್ನೊಂದು ವರ್ಷ ಬಾಡಿಗಿ ಕೊಟ್ಟೇನಿ, ನಾ ಯಾರು ಅಂತ ಕೇಳಿದ್ನಲ್ಲ" ಅಂತ ಅತ್ಯಾ ಅವತ್ತ ನನ್ನ ಮುಂದ ಅಂದಾಗ ದನಿ ನಡಗ್ತು. ಐವತ್ತರ ಮ್ಯಾಲೆ ವರ್ಷ ಆದ್ರೂ ಆ ಮಾತು ಮರ್ತಿಲ್ಲ.

ಅಷ್ಟರಾಗ ಕಾಲ ಬದಲಾಗ್ಲಿಕ್ಕೆ ಹತ್ತಿತ್ತು. ಬೆಂಗಳೂರಿನ್ಯಾಗ 1948ರಾಗ ಟೆಲಿಫೋನ್ ಕಾರಖಾನಿ, 1961ರಾಗ ಎಚ್‌ಎಂಟಿ ಗಡಿಯಾರದ ಕಾರಖಾನಿ ಬಂದಿದ್ವು. ಅಲ್ಲೆ ಹೆಣ್ಣುಮಕ್ಕಳಿಗೂ ನೌಕರಿ ಸಿಗ್ತಿತ್ತು. ಊರು ಬಿಟ್ಟು ಬಂದಾಕಿ ಇರೋದು ಎಲ್ಲೆ? 1972-73ರಾಗ ಕೇಂದ್ರ ಸರಕಾರ ದುಡಿಯೋ ಹೆಂಗಸರ ಹಾಸ್ಟೆಲ್ ಕಟ್ಟಲಿಕ್ಕೆ ಸಹಾಯಧನದ ಯೋಜನಾ ಶುರು ಮಾಡ್ತು. ಸಂಬಂಧಿಕರ ಮನಿ ಅಡಗಿ ತಪ್ಪಿತು, ಅದರ ಬದಲಿ ವಾರ್ಡನ್ ಬಂದ್ರು.

ನಾ ಬೆಂಗಳೂರಿಗೆ ಹೋಗಿದ್ದು 1992ರಾಗ, ಒಂದು ಖಾಸಗಿ ಆಫೀಸಿನ್ಯಾಗ ಟೈಪಿಸ್ಟ್ ಆಗಿ. ನಾಕ ತಿಂಗಳ ಮಾಮಾನ ಮನಿ, ಒಂದ ವರ್ಷ ಹಾಸ್ಟೆಲ್ಲು. ರಾತ್ರಿ ಎಂಟೂವರಿಗೆ ಗೇಟ್ ಬಂದ್. ಬಸ್ ತಡ ಆತಂದ್ರ ಗೇಟಿನ ಹೊರಗ ನಿಂತು ಕಾವಲುಗಾರನ ಮುಂದ ಕೈ ಮುಗಿಬೇಕು. ಬ್ಯಾಸತ್ತು ನಾವು ಮೂವರು ಗೆಳತ್ಯಾರು ಕೂಡಿ ವಿಜಯನಗರದಾಗ ಒಂದು ವಠಾರದಾಗ ಎರಡ ಖೋಲಿ ಮನಿ ಹಿಡದ್ವಿ. ಸಾಲಿಗೆ ಐದು ಮನಿ, ಅಂಗಳದಾಗ ಒಂದ ನಳ. ಬಾಡಿಗಿ 900, ಬೆಂಗಳೂರಿನ ರೂಢಿ ಪ್ರಕಾರ ಹತ್ತ ತಿಂಗಳ ಬಾಡಿಗಿ ಅಡ್ವಾನ್ಸು, 9,000. ತಲಿಗೆ ಮೂರು ಸಾವಿರ. ಆವಾಗ ಅದು ನನ್ನ ಎರಡ ತಿಂಗಳ ಪಗಾರಕ್ಕಿಂತ ಹೆಚ್ಚು. ಒಂದ ಜೋಡಿ ಬಿಲ್ವಾರ ಅಡವಿಟ್ಟು ಕೊಟ್ಟಿದ್ದೆ.

ಕರಾರುಪತ್ರಕ್ಕ ಸಹಿ ಯಾರದು? ಒಬ್ಬ ಗೆಳತಿಯ ಅಣ್ಣಂದು. ಓನರ್ ಕೇಳಿದ್ರು, ನಾವು ಕೊಟ್ವಿ. ಅತ್ಯಾನ ಕಥಿ ನನಗ ಗೊತ್ತಿತ್ತು, ಆದ್ರೂ ತಲಿಗೆ ಹೊಳೀಲಿಲ್ಲ ನೋಡ್ರಿ. ಎರಡ ವರ್ಷ ಛಂದ ಇದ್ವಿ. ಆಮ್ಯಾಲೆ ಆ ಗೆಳತೀದು ಲಗ್ನ ನಿಶ್ಚಯ ಆತು, ಮನಿ ಬಿಟ್ವಿ. ಓನರ್ ಕಾಗದದಾಗ ಇದ್ದಂಗ ಪೂರ್ತಿ 9,000 ಅಣ್ಣನ ಕೈಯಾಗ ಕೊಟ್ರು. ಅಂವ ಅದನ್ನ ತಂಗಿ ಲಗ್ನಕ್ಕನ ಖರ್ಚು ಮಾಡಿಬಿಟ್ಟ. ಕೇಳಲಿಕ್ಕೆ ನನ್ನ ಹತ್ರ ಒಂದ ಚೀಟಿ ಸೈತ ಇದ್ದಿಲ್ಲ. ಗೆಳತಿ ಮುಖ ಎತ್ತಿ ನೋಡ್ಲಿಲ್ಲ. ಆದ್ರ ಲಗ್ನ ಆಗಿ ಮೂರು ತಿಂಗಳಿಗೆ ಆಕಿ ಕಡಿಂದ ಒಂದು ಮನಿ ಆರ್ಡರ್ ಬಂತು, 500 ರೂಪಾಯಿ. ಮರು ತಿಂಗಳ ಮತ್ತ 500. ಆರು ತಿಂಗಳ ಕಳಿಸಿ ಮುಟ್ಟಿಸಿದ್ಲು. ಗಂಡನ ಮನ್ಯಾಗ ಯಾವ ರೊಕ್ಕ ಉಳಿಸಿ ಕಳಿಸಿದ್ಲೋ ಆಕಿಗೇ ಗೊತ್ತು. ಬಿಲ್ವಾರ ಬಿಡಿಸಿಕೊಂಡೆ. ಆಕಿ ಕೂಡ ಇವತ್ತಿಗೂ ಮಾತಾಡ್ತೀನಿ. ಮೋಸ ಆಗಿದ್ದು ಜೊತಿಗಿದ್ದಾಕಿಂದ ಅಲ್ಲ, ಕಾಗದದಾಗ ನನ್ನ ಹೆಸರು ಇಲ್ಲದ್ದಕ್ಕ.

ನಾ ಊರಿಗೆ ಬಂದ ಮ್ಯಾಲೆ ಬೆಂಗಳೂರು ಪೂರ್ತಿ ಬದಲಾತು. ಸಾಫ್ಟ್‌ವೇರ್ ಕಂಪನಿಗೋಳು ಬಂದ್ವು, ಓಣಿಗೊಂದು ಪಿಜಿ ಆದ್ವು. ಕಾಯ್ದೆನೂ ಬದಲಾತು. 1999ರ ಕರ್ನಾಟಕ ಬಾಡಿಗಿ ಕಾಯ್ದೆ 2001ರ ಡಿಸೆಂಬರ್ 31ಕ್ಕ ಜಾರಿಗೆ ಬಂತು. ಅದರಾಗ ಬೆಂಗಳೂರಿನಂಥಾ ದೊಡ್ಡ ಊರಾಗ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗಿ ಮನಿಗೆ ಆ ಕಾಯ್ದೆನ ಹತ್ತಂಗಿಲ್ಲ. ಈಗ ಬೆಂಗಳೂರಿನ್ಯಾಗ 3,500ಕ್ಕ ಮನಿ ಎಲ್ಲೆ ಸಿಗ್ತದ? ಅಂದ್ರ ನಮ್ಮ ಹುಡುಗ್ಯಾರಿಗೆ ಅಜ್ಜನ ಕಾಲದ ಆ ಹಳೇ ಆಸರ ಇಲ್ಲ. ಅವರಿಗಿರೋ ಆಸರ ಅಂದ್ರ ಕರಾರುಪತ್ರ ಒಂದ. ಅದರಾಗ ಏನ ಬರದದ ಅದ ಖರೆ.

ಆ ಕರಾರುಪತ್ರ ಹನ್ನೊಂದ ತಿಂಗಳಿಂದನ ಯಾಕಿರ್ತದ ಗೊತ್ತೇನ್ರಿ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದ ವರ್ಷಕ್ಕಿಂತ ಹೆಚ್ಚಿನ ಕರಾರನ್ನ ಕಡ್ಡಾಯ ನೋಂದಣಿ ಮಾಡಸಬೇಕು. ಆ ಖರ್ಚು ಓಡಾಟ ಬ್ಯಾಡ ಅಂತ ಹನ್ನೊಂದಕ್ಕ ನಿಲ್ಲಸ್ತಾರ. 2021ರ ಜೂನ್‌ದಾಗ ಕೇಂದ್ರ ಸರಕಾರ ಮಾದರಿ ಬಾಡಿಗಿ ಕಾಯ್ದೆ ಅಂತ ಒಂದನ್ನ ಒಪ್ಪಿ ರಾಜ್ಯಗಳಿಗೆ ಕಳಿಸ್ತು, ಅದರಾಗ ವಾಸದ ಮನಿಗೆ ಎರಡ ತಿಂಗಳ ಬಾಡಿಗಿಗಿಂತ ಹೆಚ್ಚು ಅಡ್ವಾನ್ಸ್ ಬ್ಯಾಡ ಅಂತದ. ಆದ್ರ ಅದು ಮಾದರಿ ಅಷ್ಟ, ರಾಜ್ಯ ತಾನು ಕಾಯ್ದೆ ಮಾಡಿದ್ರನ ಲಾಗೂ ಆಗೋದು. ಓನರ್ ಕೇಳಿದ ಅಡ್ವಾನ್ಸ್ ದೊಡ್ಡದಿದ್ರ ಚೌಕಾಸಿ ಮಾಡೋದು ನಮ್ಮ ಕೆಲಸ.

ಅವತ್ತ ರಾತ್ರಿ ಮಗಳಿಗೆ ಫೋನ್ ಮಾಡಿದೆ. "ಒಬ್ಬಾಕಿನ ಇರು ಅಂತನೂ ಹೇಳಂಗಿಲ್ಲ, ಜೊತಿಗಿರು ಅಂತನೂ ಹೇಳಂಗಿಲ್ಲ, ಅದು ನಿನ್ನ ಸ್ವಭಾವಕ್ಕ ಬಿಟ್ಟದ್ದು" ಅಂದೆ. "ಒಬ್ಬಾಕಿ ಇದ್ರ ಜ್ವರ ಬಂದಾಗ ಗಂಜಿ ಕೊಡೋರು ಯಾರು ಅಂತ ಮೊದಲ ಗೊತ್ತು ಮಾಡ್ಕೊ. ಜೊತಿಗಿದ್ರ ಹೆಸರು ಎಲ್ಲೆ ಬರ್ತದ ಅಂತ ನೋಡ್ಕೊ."

ಹೆಸರಿನ ಮಾತು ಬಿಡಿಸಿ ಹೇಳಿದೆ. ಮೂವರದೂ ಹೆಸರು, ಮೂವರದೂ ಸಹಿ ಕರಾರುಪತ್ರದಾಗ ಇರಬೇಕು. ಒಬ್ಬಾಕಿ ಹೆಸರಿಲೆ ಮನಿ ಹಿಡದು ಉಳದವರು ಸುಮ್ಮ ಸೇರಿಕೊಂಡ್ರ, ಓನರ್ ಒಪ್ಪಿಗಿ ಇಲ್ಲದ ಇನ್ನೊಬ್ಬರನ್ನ ಇಟ್ಟುಕೊಂಡಂಗ ಆಗ್ತದ. ಹಂಗ ಮಾಡೋದು 1961ರ ಕಾಯ್ದ್ಯಾಗ ಮನಿ ಬಿಡಿಸಲಿಕ್ಕೆ ಒಂದು ಕಾರಣನ ಆಗಿತ್ತು. ಅಡ್ವಾನ್ಸ್ ಯಾರು ಎಷ್ಟ ಕೊಟ್ರು ಅಂತ ಬರಿಬೇಕು, ಬ್ಯಾಂಕಿನಿಂದನ ಕಳಸಬೇಕು. ಒಬ್ಬಾಕಿ ನಡುವ ಬಿಟ್ಟು ಹೋದ್ರ ಎಷ್ಟ ದಿನ ಮೊದಲ ಹೇಳಬೇಕು, ಹೊಸದಾಗಿ ಬಂದಾಕಿ ಆಕಿ ಅಡ್ವಾನ್ಸ್ ಕೊಡೋದೋ ಓನರ್ ಕೊಡೋದೋ, ಬಣ್ಣದ ಖರ್ಚು ಎಷ್ಟ ಹಿಡೀತಾರ, ಎಲ್ಲಾ ಮೊದಲ ಮಾತಾಡಬೇಕು. ಮೂವರ ಸಹಿ ಇದ್ರ ಒಬ್ಬಾಕಿ ಬಾಡಿಗಿ ಕೊಡದಿದ್ದಾಗ ಓನರ್ ಉಳದವರನ್ನ ಕೇಳಬಹುದು, ಅದಕ್ಕೂ ತಯಾರಿರಬೇಕು. ಹೆಸರು ಬಂತಂದ್ರ ಜವಾಬ್ದಾರಿನೂ ಬಂತು.

"ಮತ್ತ ಜಗಳ ಆದ್ರ?" ಅಂದ್ಲು. "ಆಗ್ತದ. ರೊಕ್ಕದ ಡಬ್ಬಿ ಒಂದ ಇಡ್ರಿ, ಉಳ್ಳಾಗಡ್ಡಿಗೆ ಬ್ಯಾರೆ ಈಳಗಿ ಇಡ್ರಿ" ಅಂದೆ. ಆಕಿಗೆ ತಿಳೀಲಿಲ್ಲ, ಆಮ್ಯಾಲೆ ಅತ್ಯಾನ ಕಥಿ ಹೇಳಿದೆ. ಭಾಳ ಹೊತ್ತು ಏನೂ ಮಾತಾಡಲಿಲ್ಲ.

ಆಕಿ ಜೊತಿಗೆ ಇರೋದು ಅಂತನ ಠರಾಯಿಸಿದ್ಲು. ಓನರ್ ಮೊದಲ "ಅಪ್ಪನ್ನ ಕರಸ್ರಿ, ಅವರ ಹೆಸರಿಲೆ ಮಾಡೋಣು" ಅಂದ್ರಂತ. ಮೂವರೂ ತಮ್ಮ ಪಗಾರದ ಚೀಟಿ ತೋರಿಸಿ, "ಬಾಡಿಗಿ ಕೊಡೋರು ನಾವು, ಸಹಿನೂ ನಮ್ಮದ ಇರಲಿ" ಅಂದ್ರಂತ. ಓನರ್ ಎರಡ ದಿನ ತಗೊಂಡು ಒಪ್ಪಿದ್ರು. ನಮ್ಮ ಯಜಮಾನರಿಗೆ ಸ್ವಲ್ಪ ಬ್ಯಾಸರ ಆಗಿತ್ತು, ಯಾರೂ ಕರೀಲಿಲ್ಲ ಅಂತ. ಬುತ್ತಿ ಕಳಸೋ ಕೆಲಸ ಅವರಿಗೆ ಹಚ್ಚಿದೆ. ಶನಿವಾರಕ್ಕೊಮ್ಮೆ ಬಸ್ಸಿನ್ಯಾಗ ಭಕ್ರಿ, ಶೇಂಗಾ ಚಟ್ನಿ ಪುಡಿ ಇಟ್ಟು ಬರ್ತಾರ. ಭಕ್ರಿನೂ ಕಲೀರಿ ಅಂದೇನಿ, ಅದಿನ್ನೂ ಆಗಿಲ್ಲ.

ಕರಾರುಪತ್ರದ ಫೋಟೋ ಮಗಳು ನನ್ನ ಮೊಬೈಲಿಗೆ ಕಳಿಸಿದ್ಲು. ಅದನ್ನ ಒಯ್ದು ಅತ್ಯಾಗ ತೋರಿಸಿದೆ. ಅವರಿಗೆ ಅಕ್ಷರ ಕಾಣಸ್ಲಿಲ್ಲ. "ಓದಿ ಹೇಳು, ಸಹಿ ಯಾರದು?" ಅಂದ್ರು. ಮೂರೂ ಹೆಸರು ಓದಿದೆ. "ಮತ್ತೊಮ್ಮೆ ಓದು" ಅಂದ್ರು. ಮತ್ತೊಮ್ಮೆ ಓದಿದೆ.